ಭೀಮಸೇನ ಜೋಶಿಯವರನ್ನು ಕೇಳಲು ಎಲ್ಲಿಂದ ಶುರು ಮಾಡಬೇಕು?



ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಸೀಮೆಯ ಕನ್ನಡಿಗರ ಮುಂದೆ ಇವತ್ತು ಒಂದು ಪ್ರಶ್ನೆ ಇಡುತ್ತೇನೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಬಾಯಲ್ಲಿ ಅದು ಹೀಗೆ ಬರುತ್ತದೆ: "ಭೀಮಸೇನ ಜೋಶಿಯವರ ಹಾಡಿಕೆ ಕೇಳಬೇಕು ಅನಸ್ತದರಿ, ಆದ್ರ ಎಲ್ಲಿಂದ ಶುರು ಮಾಡಬೇಕು ಗೊತ್ತಾಗವಲ್ದು."

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಿಂದಿನವರಿಗೆ ಈ ಗೊಂದಲ ಇರಲಿಲ್ಲ. ಆಕಾಶವಾಣಿ 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರು ಮಾಡಿದ ಮೇಲೆ, ಶನಿವಾರ ರಾತ್ರಿ ಯಾರ ಗಾಯನ ಬಂತೋ ಅದನ್ನು ಕೇಳುವುದು, ಮುಂದಿನ ವಾರಕ್ಕೆ ಕಾಯುವುದು, ಅಷ್ಟೇ. ಆಯ್ಕೆಯ ಭಾರ ರೇಡಿಯೊದ ಮೇಲಿತ್ತು. ಈಗ ಅಂಗೈಯಲ್ಲಿರುವ ಫೋನಿನಲ್ಲಿ ಅವರ ಹೆಸರು ಹುಡುಕಿದರೆ ನೂರಾರು ಧ್ವನಿಮುದ್ರಣ ಎದುರು ಬಂದು ನಿಲ್ಲುತ್ತವೆ. ಮೂರು ನಿಮಿಷದ ಹಾಡು, ಇಪ್ಪತ್ತು ನಿಮಿಷದ ರಾಗ, ಒಂದು ತಾಸಿನ ಬೈಠಕ್, ಅಭಂಗ, ದಾಸರ ಪದ, ಸಿನಿಮಾ ಗೀತೆ, ಜುಗಲಬಂದಿ ಎಲ್ಲ ಒಂದೇ ಸಾಲಿನಲ್ಲಿ. ಹೊಸಬರು ಕೈಗೆ ಸಿಕ್ಕಿದ್ದನ್ನು ಒತ್ತುತ್ತಾರೆ. ಐದು ನಿಮಿಷ ಕೇಳಿ, ಇದು ನಮಗಲ್ಲ ಎಂದು ಬಿಡುತ್ತಾರೆ. ಹಾಗೆ ಬಿಟ್ಟವರಲ್ಲಿ ಎಷ್ಟೋ ಜನ ಸರಿಯಾದ ಬಾಗಿಲು ಸಿಕ್ಕಿದ್ದರೆ ಜೀವನವಿಡೀ ಈ ಸಂಗೀತದ ಒಳಗೆ ಇರುತ್ತಿದ್ದರು. ಅವರಿಗೆ ದಾರಿ ಹೇಳುವುದು ಕೇಳಿ ಬಲ್ಲವರ ಕರ್ತವ್ಯ ಎಂದು ನಾನು ನಂಬಿದ್ದೇನೆ.

ಮೊದಲಿಗೆ, ನಮ್ಮ ಗಡಿ ಸೀಮೆಯವರು ಬರಿಗೈಯಲ್ಲಿ ಬರುವವರಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಾರಾಯಣಖೇಡವೂ ಜಹೀರಾಬಾದೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಕಲಬುರಗಿ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಗಡಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಹಾಗೂ ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ, ವಿಠ್ಠಲನ ಭಜನೆಯಲ್ಲಿ ಮರಾಠಿ. ಒಂದು ದಿನದಲ್ಲಿ ನಾಲ್ಕು ಭಾಷೆ ದಾಟುವ ಜನ ನಾವು. ಹಿಂದುಸ್ತಾನಿ ಗಾಯಕ ಭೀಮಸೇನ ಜೋಶಿಯವರ ಸಂಗೀತವೂ ಇಂಥ ಸೀಮೆಯದೇ. ಹುಟ್ಟಿದ್ದು ಗದಗ ಸೀಮೆಯ ರೋಣದಲ್ಲಿ, 1922ರ ಫೆಬ್ರವರಿ 4ರಂದು. ನೆಲೆಸಿದ್ದು ಪುಣೆಯಲ್ಲಿ. ಹಾಡಿದ್ದು ಹಿಂದಿ ಹಾಗೂ ಬ್ರಜ್ ಭಾಷೆಯ ಬಂದಿಶ್, ಮರಾಠಿ ಅಭಂಗ, ಕನ್ನಡದ ದಾಸರ ಪದ. 1942ರಲ್ಲಿ ಎಚ್‌ಎಂವಿ ಕಂಪನಿ 20 ವರ್ಷದ ಈ ಗಾಯಕನ ಮೊದಲ ಮುದ್ರಣ ಹೊರತಂದಾಗ ಅದರಲ್ಲಿ ಇದ್ದದ್ದು ಕನ್ನಡ ಮತ್ತು ಹಿಂದಿಯ ಭಕ್ತಿಗೀತೆಗಳು. ಪುಣೆ, ಮುಂಬೈಯ ಕೇಳುಗರಿಗೆ ಅವರ ದಾಸರ ಪದದ ಮಾತು ತಿಳಿಯುವುದಿಲ್ಲ. ಧಾರವಾಡ, ಮೈಸೂರಿನ ಬಹಳ ಜನಕ್ಕೆ ಅಭಂಗದ ಮಾತು ತಿಳಿಯುವುದಿಲ್ಲ. ಬೀದರ್, ನಾರಾಯಣಖೇಡದ ಭಜನಾ ಮಂಡಳಿಯವರಿಗೆ ಎರಡೂ ತಿಳಿಯುತ್ತವೆ. ಪಂಢರಪುರದ ವಾರಿಗೆ ನಡೆದು ಹೋಗುವ ದಿಂಡಿಗಳು ಈ ಭಾಗದಿಂದಲೂ ಹೊರಡುತ್ತವೆ. ಆ ದಿಂಡಿಯಲ್ಲಿ ತಾಳ ಹಿಡಿದವರಿಗೆ ನಾಮದೇವ, ತುಕಾರಾಮರ ಮಾತು ಪರಕೀಯವಲ್ಲ.

ಆದ್ದರಿಂದ ಅಭಂಗವನ್ನೂ ದಾಸರ ಪದವನ್ನೂ ನಾನು ಆರಂಭ ಎಂದು ಸೂಚಿಸುವುದಿಲ್ಲ. ಅವು ನಿಮ್ಮಲ್ಲಿ ಈಗಾಗಲೇ ಇವೆ. ನಾಮದೇವರ 'ತೀರ್ಥ ವಿಠ್ಠಲ' ಅಭಂಗವನ್ನು ಗುಡಿಯ ಧ್ವನಿವರ್ಧಕದಲ್ಲಿ ಕೇಳದವರು ನಮ್ಮಲ್ಲಿ ವಿರಳ. ರಾಮ ಫಾಟಕ್ ಅದಕ್ಕೆ ರಾಗ ಹಾಕಿದ್ದು ಅಹೀರ್ ಭೈರವದಲ್ಲಿ. ದಕ್ಷಿಣದ ಸಂಗೀತಗಾರರು ಆ ಸ್ವರಗಳನ್ನು ಚಕ್ರವಾಕ ಎನ್ನುತ್ತಾರೆ. ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಶುಕ್ರವಾರದ ಪೂಜೆಯಲ್ಲಿ ಮೊಳಗುವುದು ಎಷ್ಟೋ ಮನೆಗಳಲ್ಲಿ ಇವರ ಕಂಠದಲ್ಲಿಯೇ. 1966ರ 'ಸಂಧ್ಯಾರಾಗ' ಚಿತ್ರ ನೋಡಿದವರಿಗೂ ಆ ದನಿ ಪರಿಚಿತ. ಹೀಗೆ ದನಿ ಗೊತ್ತು, ಅದರ ಭಾರ ಗೊತ್ತು, ಮೇಲಿನ ಷಡ್ಜಕ್ಕೆ ಏರಿ ಅಲ್ಲಿ ನಿಂತಾಗ ಎದೆ ತುಂಬುವುದು ಗೊತ್ತು. ಗೊತ್ತಿಲ್ಲದ್ದು ಮುಂದಿನ ಹೆಜ್ಜೆ. ಅಭಂಗದಲ್ಲಿ ನಮ್ಮನ್ನು ಕೈ ಹಿಡಿದು ನಡೆಸುವುದು ಮಾತು ಮತ್ತು ದೇವರ ಹೆಸರು. ಹಿಂದುಸ್ತಾನಿ ರಾಗಗಾಯನದ ಖಯಾಲಿನಲ್ಲಿ ಮಾತು ಎರಡೇ ಸಾಲು, ಅದೂ ಸ್ವರದಲ್ಲಿ ಕರಗಿ ಹೋಗುತ್ತದೆ. ಮಾತಿನ ಕೈ ಬಿಟ್ಟು ರಾಗದ ಕೈ ಹಿಡಿಯಬೇಕು. ಆ ಎರಡನೆಯ ಹೆಜ್ಜೆ ಎಲ್ಲಿ ಇಡಬೇಕು ಎಂಬುದೇ ನಮ್ಮ ನಿಜವಾದ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಭೀಮಸೇನರ ಬಾಲ್ಯಕ್ಕೇ ಹೋಗಬಹುದು. ಅವರ ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಹುಡುಗ ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿದ. ಅದು ಝಿಂಝೋಟಿ ರಾಗದ ಠುಮರಿ. ಆ ಕಾಲದ ತಟ್ಟೆ ಎಂದರೆ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಹಾಗೆ ಹಾಡುವುದನ್ನು ಕಲಿಯಬೇಕು ಎಂಬ ಹಟ ಹತ್ತಿತು. 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ರೈಲಿನಲ್ಲಿ ಹಾಡುತ್ತ, ಪ್ರಯಾಣಿಕರು ಕೊಟ್ಟದ್ದನ್ನು ತಿನ್ನುತ್ತ ಗ್ವಾಲಿಯರ್ ತಲುಪಿದ. ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವು ಸಿಕ್ಕಿತು. ಅಲ್ಲಿಂದ ಅಲೆಯುತ್ತ ಪಂಜಾಬಿನ ಜಲಂಧರಕ್ಕೆ ಬಂದ. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನ ಊರ ಕಡೆಯೇ ಸವಾಯಿ ಗಂಧರ್ವರು ಇದ್ದಾರೆ, ಅವರ ಬಳಿ ಹೋಗು ಎಂದು ತಿಳಿಹೇಳಿದರು. ಸವಾಯಿ ಗಂಧರ್ವರೆಂದರೆ ರಾಮಭಾವು ಕುಂದಗೋಳಕರ್. ಹುಡುಗನನ್ನು ಮನೆ ಬಿಡಿಸಿದ ಆ ತಟ್ಟೆಯ ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು. ಇದ್ದದ್ದು ಗದಗಿಗೆ ದೂರವಲ್ಲದ ಕುಂದಗೋಳದಲ್ಲಿ. ಉತ್ತರ ಹಿಂದುಸ್ತಾನವೆಲ್ಲ ಸುತ್ತಿದ ಹುಡುಗ 1936ರಲ್ಲಿ ತನ್ನ ನೆಲಕ್ಕೇ ಮರಳಿ ಆ ಮನೆಯಲ್ಲಿ ಕಲಿಯಲು ಕುಳಿತ.

ಅಲ್ಲಿ ಗುರುಗಳು ಏನು ಕಲಿಸಿದರು? ಇದನ್ನು ಗಮನವಿಟ್ಟು ಕೇಳಿರಿ. ಮೊದಲ ವರ್ಷಗಳಲ್ಲಿ ಅವರು ತಿದ್ದಿಸಿದ್ದು ಮುಖ್ಯವಾಗಿ ಮೂರು ರಾಗ. ಬೆಳಗ್ಗೆ ತೋಡಿ, ಮಧ್ಯಾಹ್ನ ಇಳಿಹೊತ್ತಿಗೆ ಮುಲ್ತಾನಿ, ಸಂಜೆಗೆ ಪೂರಿಯಾ. ನೂರಾರು ರಾಗ ಬಲ್ಲ ಗುರು, ಕಲಿಯಲು ಹಸಿದು ಬಂದ ಶಿಷ್ಯ, ಆದರೂ ಮೂರೇ ರಾಗ. ಸ್ವರ ಗಟ್ಟಿಯಾಗಬೇಕು, ಒಂದು ರಾಗದ ಒಳಗೆ ಎಷ್ಟು ಜಾಗವಿದೆ ಎಂದು ಕಂಠಕ್ಕೆ ಗೊತ್ತಾಗಬೇಕು, ಆಮೇಲೆ ಉಳಿದವು ಬರುತ್ತವೆ ಎಂಬುದು ಆ ಪಾಠದ ಕ್ರಮ. ಕಲಿಯುವವನಿಗೆ ಗುರು ಹಾಕಿಕೊಟ್ಟ ದಾರಿ ಕೇಳುವವನಿಗೂ ಸರಿಹೋಗುತ್ತದೆ. ಭೀಮಸೇನರು ಎಲ್ಲಿ ಶುರು ಮಾಡಿದರೋ ನಾವೂ ಅಲ್ಲೇ ಶುರು ಮಾಡೋಣ: ಮೂರು ರಾಗ, ಮೂರು ಹೊತ್ತು. ಅದರಲ್ಲಿಯೂ ಮೊದಲು ಮುಲ್ತಾನಿ.

ಯಾವ ಮುದ್ರಣ ಎಂಬುದಕ್ಕೆ ಮೊದಲು ಎಷ್ಟು ಉದ್ದದ ಮುದ್ರಣ ಎಂದು ನೋಡಬೇಕು. ಹಳೆಯ 78 ವೇಗದ ತಟ್ಟೆಯಲ್ಲಿ ಗಾಯಕ ಮೂರು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಬೇಕಿತ್ತು. ರಾಗ ಬೆಳೆಯುವುದು ಕಾಣುತ್ತಿರಲಿಲ್ಲ, ಬೆಳೆದ ಮೇಲಿನ ರೂಪ ಕಾಣುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುವ ಎಲ್‌ಪಿ ತಂದಿತು. ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡು ಹಿಡಿಯಿತು. ಜಗತ್ತಿನ ಬೇರೆ ಬೇರೆ ಮೂಲೆಯ ಸಂಗೀತಗಾರರಿಗೆ ಇದು ಹೊಸ ಅವಕಾಶವಾಯಿತು. ಹೈದರಾಬಾದಿನಲ್ಲಿ ಓದುವ ನಮ್ಮ ಕೆಲವು ಹುಡುಗರು ಇಂಗ್ಲೆಂಡಿನ ಪ್ರೋಗ್ರೆಸ್ಸಿವ್ ರಾಕ್ ತಂಡಗಳನ್ನು ಕೇಳುತ್ತಾರೆ. ಪಿಂಕ್ ಫ್ಲಾಯ್ಡ್ ತಂಡ 1971ರಲ್ಲಿ 'ಎಕೋಸ್' ಎಂಬ ಒಂದೇ ಕೃತಿಯಿಂದ ಎಲ್‌ಪಿಯ ಇಡೀ ಮಗ್ಗುಲು ತುಂಬಿತು. 1972ರಲ್ಲಿ ಯೆಸ್ ತಂಡ 'ಕ್ಲೋಸ್ ಟು ದಿ ಎಡ್ಜ್' ಎಂದು 18 ನಿಮಿಷದ ಕೃತಿ ಮಾಡಿತು. ಜೆನಿಸಿಸ್ ತಂಡದ 'ಸಪ್ಪರ್ಸ್ ರೆಡಿ' ಅದೇ ವರ್ಷದ್ದು, 23 ನಿಮಿಷದಷ್ಟು. ಈ ತಂಡಗಳ ಅಭಿಮಾನಿಗಳಲ್ಲೂ ನಮ್ಮದೇ ಪ್ರಶ್ನೆ ನಡೆಯುತ್ತದೆ: ಹೊಸಬರಿಗೆ ಯಾವ ಆಲ್ಬಂ ಮೊದಲು ಕೊಡಬೇಕು, ಎಲ್ಲರಿಗೂ ಹಿಡಿಸುವ ಚಿಕ್ಕ ಹಾಡುಗಳದ್ದೋ, ತಂಡದ ಮನಸ್ಸು ಪೂರ್ತಿ ಬಿಚ್ಚಿಕೊಳ್ಳುವ ದೊಡ್ಡ ಕೃತಿಯದ್ದೋ? ಎಕೋಸ್‌ನಂಥ ಕೃತಿಯನ್ನು ನಡುವೆ ನಿಲ್ಲಿಸದೆ ಕೇಳಿದ ಹುಡುಗನಿಗೆ ನಾನು ಹೇಳುವುದು ಇಷ್ಟು: ಖಯಾಲ್ ಕೇಳಲು ಬೇಕಾದ ತಾಳ್ಮೆ ನಿನ್ನಲ್ಲಿ ಆಗಲೇ ಇದೆಯಪ್ಪ, ಅದನ್ನೇ ಇಲ್ಲಿಗೂ ತಾ.

ಅದೇ ಎಲ್‌ಪಿ ಕಾಲದಲ್ಲಿ, ಅಂದರೆ 1960 ಮತ್ತು 70ರ ದಶಕಗಳಲ್ಲಿ, ಭೀಮಸೇನರು ಎಚ್‌ಎಂವಿಗೆ ಸ್ಟುಡಿಯೋದಲ್ಲಿ ಕುಳಿತು ಹಾಡಿದ ರಾಗಗಳು ನಮ್ಮ ಬಾಗಿಲು. ಮುಲ್ತಾನಿ, ಶುದ್ಧ ಕಲ್ಯಾಣ, ಪೂರಿಯಾ ಧನಾಶ್ರೀ, ಮಾಲಕಂಸ ಈ ಸಾಲಿನವು. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ನಿಧಾನಗತಿಯ ವಿಲಂಬಿತ ಖಯಾಲ್ ಅರಳಿ, ವೇಗದ ದ್ರುತಕ್ಕೆ ಹೊರಳಿ, ಸ್ವರಗಳು ಸರಸರನೆ ಓಡುವ ತಾನುಗಳಲ್ಲಿ ಮುಗಿಯುತ್ತದೆ. ರಾಗದ ಪೂರ್ತಿ ನಡಿಗೆ ಸಿಗುತ್ತದೆ, ಹೊಸ ಕಿವಿ ದಣಿಯುವುದಿಲ್ಲ. ಗಾಯಕರಿಗೆ ಆಗ ನಲವತ್ತು ಐವತ್ತರ ವಯಸ್ಸು. ಉಸಿರು ತುಂಬಿದ್ದ ಕಾಲ, ಕಂಠ ಮೂರು ಸ್ಥಾಯಿಯಲ್ಲೂ ಹೇಳಿದಂತೆ ಕೇಳುತ್ತಿದ್ದ ಕಾಲ. ಮೂರು ನಿಮಿಷದ ಹಾಡಿನಿಂದ ಶುರು ಮಾಡಿದವರು ಹಾಡಿನ ಆಚೆ ಹೋಗುವುದು ಕಷ್ಟ. ಒಂದು ತಾಸಿನ ಕಛೇರಿಯಿಂದ ಶುರು ಮಾಡಿದವರು ನಡುದಾರಿಯಲ್ಲೇ ನಿಂತುಬಿಡುತ್ತಾರೆ. ಎಲ್‌ಪಿಯ ಒಂದು ಮಗ್ಗುಲು ಹೊಸಬರಿಗೆ ತಕ್ಕ ಅಳತೆ.

ಮುಲ್ತಾನಿಯೇ ಯಾಕೆ? ಮೊದಲ ಕಾರಣ ಹೊತ್ತು. ಮುಲ್ತಾನಿ ಹಗಲಿನ ಕೊನೆಯ ಪ್ರಹರದ ರಾಗ, ಮಧ್ಯಾಹ್ನ 3ರಿಂದ 6ರ ನಡುವಿನದು. ತೊಗರಿ, ಹತ್ತಿ, ಜೋಳದ ಹೊಲದಿಂದ ಮನೆಗೆ ಬಂದು ಕೈಕಾಲು ತೊಳೆದು ಚಹಾ ಕುಡಿಯುವ ಹೊತ್ತು ಅದು. ಬೆಳಗಿನ ಗಡಿಬಿಡಿಯಲ್ಲಿ ತೋಡಿಗೆ ಕಿವಿ ಕೊಡಲು ಆಗದವರಿಗೂ ಈ ಇಪ್ಪತ್ತು ನಿಮಿಷ ಸಿಗುತ್ತದೆ. ಎರಡನೆಯ ಕಾರಣ, ಈ ರಾಗದ ನಡೆ ಶಾಸ್ತ್ರ ಕಲಿಯದವರ ಕಿವಿಗೂ ಸಿಗುವಷ್ಟು ಸ್ಪಷ್ಟ. ಏರುವಾಗ ರಿಷಭ, ಧೈವತ ಎರಡೂ ಇಲ್ಲ. ಕೆಳಗಿನ ನಿಷಾದದಿಂದ ಷಡ್ಜಕ್ಕೆ ಬಂದು, ಕೋಮಲ ಗಾಂಧಾರ, ತೀವ್ರ ಮಧ್ಯಮ, ಅಲ್ಲಿಂದ ಪಂಚಮ. ಇಳಿಯುವಾಗ ಮಾತ್ರ ಕೋಮಲ ಧೈವತವೂ ಕೋಮಲ ರಿಷಭವೂ ಬರುತ್ತವೆ. ಆ ರಿಷಭ ಹೆಚ್ಚು ಹೊತ್ತು ನಿಲ್ಲದೆ ಷಡ್ಜಕ್ಕೆ ಜಾರುತ್ತದೆ. ಸ್ವರಗಳ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಏರುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು ಎಂದು ಕಿವಿಗೆ ಹೊಳೆದರೆ ಸಾಕು, ರಾಗ ಎಂದರೇನು ಎಂಬುದು ಅರ್ಧ ತಿಳಿದಂತೆ.

ಇನ್ನು ಕೇಳುವ ಕ್ರಮ. ಮೊದಲು ತಂಬೂರಿ ಕೇಳಿರಿ. ಹಾಡು ಶುರುವಾಗುವ ಮುಂಚೆ ಅದು ಹಾಕುವ ನೆಲವನ್ನು ಕಿವಿ ಗುರುತಿಸಲಿ. ಗಾಯಕರು ಷಡ್ಜ ಹಿಡಿದಾಗ ದನಿ ತಂಬೂರಿಯಲ್ಲಿ ಬೆರೆತು ಒಂದಾಗುವುದನ್ನು ಗಮನಿಸಿರಿ. ಅಬ್ದುಲ್ ಕರೀಂ ಖಾನರಿಂದ ಬಂದ ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಪ್ರಾಣ ಇರುವುದು ಆ ಸ್ವರ ಹಚ್ಚುವಿಕೆಯಲ್ಲಿ. ನಂತರ ತಬಲಾ. ವಿಲಂಬಿತ ಏಕತಾಲಕ್ಕೆ 12 ಮಾತ್ರೆ. ಬಹಳ ನಿಧಾನ, ಒಂದು ಆವರ್ತ ಮುಗಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಗಾಯಕರು ಎಲ್ಲೆಲ್ಲೋ ತಿರುಗಿ, ಬಂದಿಶಿನ ಮೊದಲ ತುಣುಕನ್ನು ಎತ್ತಿಕೊಂಡು, ಆವರ್ತದ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ, ಬಂದು ಸೇರುತ್ತಾರೆ. ಭಜನೆಯಲ್ಲಿ ತಾಳ ಹಾಕಿದವರಿಗೆ ಆ ಸೇರುವಿಕೆಯ ಸುಖ ಹೇಳಿಕೊಡಬೇಕಿಲ್ಲ. ಮೊದಲ ಸಲ ಕೇಳುವಾಗ ಬೇರೆ ಏನೂ ಬೇಡ, ಸಮ್ ಒಂದನ್ನೇ ಹಿಡಿಯಿರಿ.

ಎರಡನೆಯ ಸಲ ಬೆಳವಣಿಗೆಯನ್ನು ನೋಡಿರಿ. ಭೀಮಸೇನರು ಆತುರಪಡುವುದಿಲ್ಲ. ಮಂದ್ರದಲ್ಲಿ ನಿಂತು, ಒಂದೊಂದೇ ಸ್ವರವನ್ನು ಮುಂದಕ್ಕೆ ತಂದು, ಅದರ ಸುತ್ತ ಆಡಿ, ಮುಂದಿನ ಸ್ವರಕ್ಕೆ ಹೆಜ್ಜೆ ಇಡುತ್ತಾರೆ. ನಮ್ಮ ಕಡೆ ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ಓಣಿಯ ಒಂದೊಂದೇ ಮನೆಗೆ ಕರೆದೊಯ್ದು ಪರಿಚಯ ಮಾಡಿಸುವಂತೆ, ಅವರು ರಾಗದ ಒಂದೊಂದೇ ಸ್ವರದ ಪರಿಚಯ ಮಾಡಿಸುತ್ತಾರೆ. ಪಂಚಮ ದಾಟಿ, ನಿಷಾದದಲ್ಲಿ ಕಾಯಿಸಿ, ಕೊನೆಗೆ ತಾರ ಷಡ್ಜ ಮುಟ್ಟಿದಾಗ ಇಷ್ಟು ಹೊತ್ತು ಕಾದದ್ದು ಸಾರ್ಥಕ ಅನ್ನಿಸುತ್ತದೆ. ಕಾಯದೆ ನೇರವಾಗಿ ಆ ಜಾಗಕ್ಕೆ ಮುದ್ರಣವನ್ನು ಓಡಿಸಿ ಕೇಳಿದರೆ ಅದು ಬರೀ ಎತ್ತರದ ದನಿ.

ಮೂರನೆಯ ಸಲ ತಾನುಗಳು. ಕಿರಾಣಾದ ಹಿರಿಯರ ಒಲವು ಆಲಾಪದ ಕಡೆ ಹೆಚ್ಚು. ಭೀಮಸೇನರು ಗುರುವಿನ ಆಲಾಪವನ್ನು ಇಟ್ಟುಕೊಂಡು, ಬೇರೆ ಘರಾಣೆಗಳ ಬಲವನ್ನೂ ತಂದುಕೊಂಡರು. ಕೇಸರಬಾಯಿ ಕೇರಕರ್, ಅಮೀರ್ ಖಾನ್ ಮುಂತಾದವರ ಗಾಯನದಿಂದ ತಾವು ಪಡೆದದ್ದನ್ನು ಅವರು ಮರೆಮಾಚಲಿಲ್ಲ. ಅದಕ್ಕೇ ಅವರ ತಾನು ಒಂದೇ ಉಸಿರಿನಲ್ಲಿ ಮೇಲಿಂದ ಕೆಳಗಿನ ತನಕ ಗುಡುಗುತ್ತ ಇಳಿಯುತ್ತದೆ, ಆದರೂ ಅದರ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ವಿಲಂಬಿತದ ಶಾಂತಿಯೂ ತಾನಿನ ಆರ್ಭಟವೂ ಒಬ್ಬನೇ ಗಾಯಕನಲ್ಲಿ, ಒಂದೇ ರಾಗದಲ್ಲಿ, ಇಪ್ಪತ್ತು ನಿಮಿಷದೊಳಗೆ ಸಿಗುವುದರಿಂದಲೇ ಈ ಮುದ್ರಣಗಳು ಆರಂಭಕ್ಕೆ ಯೋಗ್ಯ.

ಮುಲ್ತಾನಿ ಪರಿಚಯವಾದ ಮೇಲೆ, ಬೇರೆ ಎಲ್ಲಿಗೂ ಹೋಗದೆ, ತೋಡಿಗೆ ಬನ್ನಿರಿ. ಮಿಯಾಂಕಿ ತೋಡಿ ಬೆಳಗಿನ ರಾಗ. ಮುಲ್ತಾನಿಯ ಏಳು ಸ್ವರಗಳು ಯಾವುವೋ ತೋಡಿಯ ಏಳು ಸ್ವರಗಳೂ ಅವೇ; ಅವುಗಳಲ್ಲಿ ರಿಷಭ, ಗಾಂಧಾರ, ಧೈವತ ಕೋಮಲ, ಮಧ್ಯಮ ತೀವ್ರ. ದಕ್ಷಿಣದಲ್ಲಿ ಇವು ಶುಭಪಂತುವರಾಳಿಯ ಸ್ವರಗಳು. ಸ್ವರ ಅವೇ ಆದರೂ ರಾಗ ಬೇರೆ. ಮುಲ್ತಾನಿಯಲ್ಲಿ ಪಂಚಮ ಗಟ್ಟಿ ನೆಲೆ, ತೋಡಿಯಲ್ಲಿ ಅದಕ್ಕೆ ಅಷ್ಟು ಅಧಿಕಾರವಿಲ್ಲ. ಮುಲ್ತಾನಿಯಲ್ಲಿ ಇಳಿಯುವಾಗ ಇಣುಕಿ ಹೋಗುತ್ತಿದ್ದ ರಿಷಭ, ಧೈವತಗಳು ತೋಡಿಯಲ್ಲಿ ಮನೆಯ ಯಜಮಾನರು. ಗಾಂಧಾರ, ರಿಷಭಗಳ ಬಳಿ ಗಾಯಕರು ಮತ್ತೆ ಮತ್ತೆ ಬಂದು ನಿಲ್ಲುತ್ತಾರೆ. ಎರಡನ್ನೂ ಒಂದೇ ವಾರದಲ್ಲಿ ಕೇಳಿದವರಿಗೆ, ರಾಗವೆಂದರೆ ಸ್ವರಗಳ ಪಟ್ಟಿಯಷ್ಟೇ ಅಲ್ಲ, ಸ್ವರಗಳ ನಡುವಿನ ಸಂಬಂಧ ಎಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ. ಸವಾಯಿ ಗಂಧರ್ವರು ಈ ಎರಡನ್ನು ಜೊತೆಯಾಗಿ ತಿದ್ದಿಸಿದ್ದರಲ್ಲಿ ಎಂಥ ವಿವೇಕವಿದೆ ಎಂದು ಆಗ ಗೊತ್ತಾಗುತ್ತದೆ.

ಮೂರನೆಯದು ಪೂರಿಯಾ, ಸೂರ್ಯ ಮುಳುಗುವ ಹೊತ್ತಿನದು. ಇಲ್ಲಿ ಪಂಚಮವೇ ಇಲ್ಲ. ತಂಬೂರಿಯ ಪಂಚಮದ ತಂತಿಯನ್ನು ನಿಷಾದಕ್ಕೆ ಕೂಡಿಸುತ್ತಾರೆ, ನೆಲವೇ ಬದಲಾದಂತೆ ಕೇಳುತ್ತದೆ. ರಾಗ ಹೆಚ್ಚಾಗಿ ಮಂದ್ರದಲ್ಲಿ, ಗಾಂಧಾರ ನಿಷಾದಗಳ ನಡುವೆ ತಿರುಗುತ್ತದೆ. ಹೊಸಬರಿಗೆ ಮೂರರಲ್ಲಿ ಇದು ಕಠಿಣ, ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಅದು ಕೂಡಲೇ ಒಲಿಯದಿದ್ದರೆ ಪೂರಿಯಾ ಧನಾಶ್ರೀ ಕೇಳಿರಿ. ಪಂಚಮ ಮರಳಿ ಬರುತ್ತದೆ, ಕೋಮಲ ಧೈವತ ಸೇರುತ್ತದೆ. ಭೀಮಸೇನರ ದ್ರುತ ಬಂದಿಶ್ ಅಲ್ಲಿ ಹೊಸಬರನ್ನೂ ಎಳೆದುಕೊಂಡು ಹೋಗುತ್ತದೆ. ಅದನ್ನು ಕೇಳಿದ ಮೇಲೆ ಪೂರಿಯಾಕ್ಕೆ ಹಿಂದಿರುಗಿದರೆ ಅದೂ ಒಲಿಯುತ್ತದೆ.

ಕೆಲವು ಹಿರಿಯರು ನನ್ನ ಮಾತಿಗೆ ಒಪ್ಪುವುದಿಲ್ಲ. ಆರಂಭಕ್ಕೆ ಯಮನ್ ಕೊಡಬೇಕು, ಭೂಪ್ ಕೊಡಬೇಕು, ಸಂಗೀತದ ಶಾಲೆಯಲ್ಲಿಯೂ ಅವನ್ನೇ ಮೊದಲು ಕಲಿಸುತ್ತಾರೆ, ಮುಲ್ತಾನಿ ತೋಡಿ ಹೊಸಬರಿಗೆ ಭಾರ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಹಾಡಲು ಕಲಿಯುವ ಮಗುವಿಗೆ ಭೂಪ್ ಸುಲಭ, ಐದೇ ಸ್ವರ, ದಕ್ಷಿಣದ ಮೋಹನದಂತೆ. ಕೇಳುವವರ ಸ್ಥಿತಿ ಬೇರೆ. ಅವರು ಸ್ವರ ಹಚ್ಚಬೇಕಾಗಿಲ್ಲ, ರಾಗದ ಮುಖ ಗುರುತಿಸಿದರೆ ಆಯಿತು. ಹಾಗೆ ಗುರುತು ಹತ್ತಲು ಮುಖದಲ್ಲಿ ಗಟ್ಟಿ ರೇಖೆ ಇರಬೇಕು. ಮುಲ್ತಾನಿಯಲ್ಲಿ ಅದು ಇದೆ. ಆದರೂ ಹಿತವಾದ ಸ್ವರಗಳಿಂದಲೇ ಶುರು ಮಾಡಬೇಕು ಎನ್ನುವವರಿಗೆ ಶುದ್ಧ ಕಲ್ಯಾಣ ಇದೆ. ಏರುವಾಗ ಭೂಪಿನ ಐದು ಸ್ವರ, ಇಳಿಯುವಾಗ ನಿಷಾದ, ತೀವ್ರ ಮಧ್ಯಮಗಳನ್ನು ಮೀಂಡಿನಲ್ಲಿ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುತ್ತ, ಸವರಿಕೊಂಡು ಬರುತ್ತಾರೆ. ರಾತ್ರಿ ಊಟವಾದ ಮೇಲೆ ಕೇಳಿರಿ. ಭೀಮಸೇನರ ಶುದ್ಧ ಕಲ್ಯಾಣ ಮೆಚ್ಚದ ಮನುಷ್ಯನನ್ನು ನಾನು ಕಂಡಿಲ್ಲ.

ಎಲ್ಲಿಂದ ಶುರು ಮಾಡಬಾರದು ಎಂಬುದನ್ನೂ ಹೇಳಬೇಕು. ಬಾಲಮುರಳಿ ಕೃಷ್ಣರೊಡನೆ ಹಾಡಿದ ಜುಗಲಬಂದಿಗಳು ದೊಡ್ಡವು, ಆದರೆ ಎರಡು ಪದ್ಧತಿಯ ಪರಿಚಯವಿದ್ದವರಿಗೆ ಅವುಗಳ ರುಚಿ. ಅವರೇ ಕಟ್ಟಿದ ಕಲಾಶ್ರೀ, ಕಲಾವತಿ ಹಾಗೂ ರಾಗೇಶ್ರೀ ಸೇರಿ ಆದ ರಾಗ. ಮೂಲದ ಎರಡು ರಾಗ ಕೇಳಿದ ಮೇಲೆ ಅದಕ್ಕೆ ಹೋದರೆ ಅವರ ಕೈಚಳಕ ತಿಳಿಯುತ್ತದೆ. ಲಲಿತ್ ಭಟಿಯಾರ್‌ಗೂ ಇದೇ ಮಾತು. ತೀರ ವಯಸ್ಸಾದ ಕಾಲದ ಕಛೇರಿಗಳಲ್ಲಿ ಅನುಭವ ತುಂಬಿದೆ, ದನಿ ದಣಿದಿದೆ. ಯೌವನದ ದನಿ ಕೇಳಿದವರಿಗೆ ಆ ದಣಿವಿನಲ್ಲಿಯೂ ಅರ್ಥ ಕಾಣುತ್ತದೆ, ಹೊಸಬರಿಗೆ ಕಾಣದು. ಇನ್ನು ಎರಡೆರಡು ನಿಮಿಷದ ತುಣುಕು ಕತ್ತರಿಸಿ ಜೋಡಿಸಿದ ಮಾಲಿಕೆಗಳನ್ನು ಖಂಡಿತ ಬೇಡ ಎನ್ನುತ್ತೇನೆ. ತಾನಿನ ಅಬ್ಬರ ಮಾತ್ರ ಆಯ್ದು ತೋರಿಸುವ ಆ ತುಣುಕುಗಳಿಂದ ಅವರನ್ನು ಬರೀ ಗಟ್ಟಿ ದನಿಯ ಗಾಯಕ ಎಂದುಕೊಳ್ಳುವ ಅಪಾಯವಿದೆ. ಅದು ಅವರಿಗೆ ಮಾಡುವ ಅನ್ಯಾಯ.

ಎಲ್‌ಪಿಯ ಮೂರು ನಾಲ್ಕು ರಾಗ ಕಿವಿಯಲ್ಲಿ ಕುಳಿತ ಮೇಲೆ ಪೂರ್ಣ ಕಛೇರಿಗೆ ಹೋಗಿರಿ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ಆರಂಭಿಸಿದರು. ದಶಕಗಳ ಕಾಲ ಅದರ ಕೊನೆಯ ಗಾಯನ ಅವರದೇ. ಸಾವಿರಾರು ಜನರ ಮುಂದೆ ಕುಳಿತಾಗ ಅದೇ ಮುಲ್ತಾನಿ ಎಷ್ಟು ಅಗಲವಾಗುತ್ತದೆ, ಹಾರ್ಮೋನಿಯಂ ಹೇಗೆ ಬೆನ್ನು ಹಿಡಿದು ಬರುತ್ತದೆ, ನಾನಾ ಮುಳೆಯವರ ತಬಲಾ ಠೇಕಾ ಎಷ್ಟು ಸ್ಥಿರವಾಗಿ ನಿಂತು ಗಾಯಕರಿಗೆ ಸ್ವಾತಂತ್ರ್ಯ ಕೊಡುತ್ತದೆ, ಇವೆಲ್ಲ ಕಛೇರಿಯ ಮುದ್ರಣದಲ್ಲಿ ಕಾಣುತ್ತವೆ. ಹೋಲಿಸಲು ನಿಮ್ಮಲ್ಲಿ ಆಗ ಎಲ್‌ಪಿಯ ನೆನಪಿರುತ್ತದೆ. ಗುಲ್ಜಾರ್ ಅವರು ಭೀಮಸೇನರ ಮೇಲೆ ಮಾಡಿದ ಸಾಕ್ಷ್ಯಚಿತ್ರವನ್ನೂ ನೋಡಬಹುದು. ಹಾಡುವಾಗ ಅವರ ಮುಖ, ಕೈ, ಇಡೀ ಮೈ ಸ್ವರದೊಡನೆ ಸೆಣಸುವುದನ್ನು ನೋಡಿದರೆ ಆ ದನಿಯ ಹಿಂದಿನ ದುಡಿಮೆ ತಿಳಿಯುತ್ತದೆ.

ಆಮೇಲೆ ಅವರ ಬಳಗಕ್ಕೆ ಬನ್ನಿರಿ. ಗಂಗೂಬಾಯಿ ಹಾನಗಲ್ ಅದೇ ಗುರುವಿನ ಶಿಷ್ಯೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಕಲಿತವರು. ಫಿರೋಜ್ ದಸ್ತೂರ್ ಇನ್ನೊಬ್ಬ ಗುರುಬಂಧು. ಒಂದೇ ಗುರುವಿನ ಮೂವರು ಒಂದೇ ರಾಗವನ್ನು ಮೂರು ಬಗೆಯಲ್ಲಿ ಹಾಡುವುದನ್ನು ಕೇಳಿದರೆ ಘರಾಣೆ ಎಂದರೆ ಅಚ್ಚು ಒತ್ತುವುದಲ್ಲ ಎಂದು ತಿಳಿಯುತ್ತದೆ. ಕೊನೆಗೆ ಅಬ್ದುಲ್ ಕರೀಂ ಖಾನರ ಹಳೆಯ ತಟ್ಟೆಗಳು. ಗದಗಿನ ಅಂಗಡಿಯ ಮುಂದೆ ಹನ್ನೊಂದರ ಹುಡುಗ ಕೇಳಿದ್ದನ್ನು ನಾವು ಅಷ್ಟೆಲ್ಲ ದಾರಿ ನಡೆದ ಮೇಲೆ ಕೇಳಿದರೆ, ಮೂರು ನಿಮಿಷದಲ್ಲಿ ಎಷ್ಟು ಅಡಗಿತ್ತು ಎಂಬುದು ನಮಗೂ ಕಾಣಿಸುತ್ತದೆ. ಆ ಹುಡುಗನ ಕಿವಿ ಅದನ್ನು ಒಮ್ಮೆಗೇ ಹಿಡಿಯಿತು. ಸಾಮಾನ್ಯರಾದ ನಮಗೆ ಎಲ್‌ಪಿಯ ಮೆಟ್ಟಿಲು ಬೇಕು.

ಒಂದು ವಿನಂತಿಯೂ ಇದೆ. ಈ ಸಂಗೀತವನ್ನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಬ್ಬರೇ ಕೇಳಬೇಕೆಂದೇನೂ ಇಲ್ಲ. ನಮ್ಮ ಊರುಗಳಲ್ಲಿ ಭಜನಾ ಮಂಡಳಿಗಳಿವೆ. ಹಾರ್ಮೋನಿಯಂ ಇದೆ, ತಬಲಾ ಇದೆ, ತಾಳ ಬಲ್ಲ ಹಿರಿಯರಿದ್ದಾರೆ. ವಾರಕ್ಕೆ ಒಂದು ದಿನ ಭಜನೆಗೆ ಮುಂಚೆ ಇಪ್ಪತ್ತು ನಿಮಿಷ ಒಂದು ರಾಗ ಹಾಕಿರಿ. ಹಿರಿಯರು ಸಮ್ ತೋರಿಸಲಿ, ಕಾಲೇಜಿನ ಮಕ್ಕಳು ಮುದ್ರಣ ಹುಡುಕಿ ತರಲಿ. ಒಂದು ತಿಂಗಳು ಒಂದೇ ರಾಗ ಇರಲಿ, ಹೊಸದು ಬೇಕೆಂಬ ಆತುರ ಬೇಡ. ಕನ್ನಡ ಶಾಲೆಗಳು ಕಡಿಮೆಯಾಗುತ್ತಿರುವ ಗಡಿಯಲ್ಲಿ, ಕನ್ನಡ ನೆಲದಲ್ಲಿ ಹುಟ್ಟಿ 2008ರಲ್ಲಿ ಭಾರತ ರತ್ನಕ್ಕೆ ಪಾತ್ರನಾದ ಗಾಯಕನ ಹಾಡು ಮರಾಠಿ, ತೆಲುಗು, ಉರ್ದು ಮಾತಿನ ನೆರೆಯವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಬಲ್ಲದು. ಖಯಾಲಿಗೆ ಯಾರ ಭಾಷೆಯೂ ಅಡ್ಡ ಬರುವುದಿಲ್ಲ.

ಹಾಗಾದರೆ ಉತ್ತರ ಇಷ್ಟು. ಅಭಂಗ, ದಾಸರ ಪದ ನಿಮ್ಮವೇ, ಅವು ಇರಲಿ. ಅಲ್ಲಿಂದ ಮುಂದಿನ ಹೆಜ್ಜೆಗೆ ಎಲ್‌ಪಿ ಕಾಲದ ಮುಲ್ತಾನಿ, ಇಳಿಹೊತ್ತಿನಲ್ಲಿ, ಆರಂಭದಿಂದ ಕೊನೆಯ ತನಕ. ಅದು ಮನಸ್ಸಿನಲ್ಲಿ ತಾನಾಗಿ ಗುನುಗುವಂತಾದ ಮೇಲೆ ಬೆಳಗಿನ ತೋಡಿ, ಆಮೇಲೆ ಸಂಜೆಯ ಪೂರಿಯಾ. ಮೂರೂ ಕೂಡಿದಾಗ ಕುಂದಗೋಳದ ಗುರುಮನೆಯ ಒಂದು ದಿನದ ಪಾಠ ನಿಮ್ಮ ಕಿವಿಗೂ ಆಗಿರುತ್ತದೆ. ಅದರ ಮುಂದೆ ಯಾವ ರಾಗಕ್ಕೆ ಹೋಗಬೇಕು ಎಂದು ನೀವು ಯಾರನ್ನೂ ಕೇಳಬೇಕಾಗಿಲ್ಲ. ನಾಳೆ ಮಧ್ಯಾಹ್ನವೇ ಶುರು ಮಾಡಿರಿ.